60 ಅಡಿ ದೂರದ ಮಹಿಷಾಸುರನಿಗೆ ನಿಮ್ಮ ಫ್ಲ್ಯಾಶ್ ಎಂತಕ್ಕೆ ಮಾರಾಯ್ರೆ?

ನಿನ್ನೆ ಉಡುಪಿ ಹತ್ತಿರ ಗದ್ದೆಯಲ್ಲಿ ಯಕ್ಷಗಾನ ಬಯಲಾಟ. ನಾನು ಹೋಗದೆ ಇರುತ್ತೇನಾ? ಬೆಳಗ್ಗೆ ಆರಕ್ಕೆ ಮನೆ ಸೇರಿದೆ, ಇನ್ನೂ ಮಲಗಿಲ್ಲ. ಸಿಟ್ಟು ಇಳಿದರೆ ತಾನೇ ನಿದ್ದೆ ಬರುವುದು.

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ, ಕೈಯಲ್ಲಿ ಹೊಸ ಕ್ಯಾಮೆರಾ. ರಂಗಸ್ಥಳ ಕಡಿಮೆ ಎಂದರೂ 60 ಅಡಿ ದೂರ. ಎರಡು ನಿಮಿಷಕ್ಕೊಮ್ಮೆ ಫಳ್ ಅಂತ ಫ್ಲ್ಯಾಶ್. ಕೊನೆಗೆ ಅವನೇ ಬೆನ್ನು ತಟ್ಟಿ, "ಅಂಕಲ್, ಎಲ್ಲ ಕಪ್ಪಾಗಿ ಬರ್ತಾ ಉಂಟು, ಎಂತ ಮಾಡುದು?" ಅಂತ ಸ್ಕ್ರೀನ್ ತೋರಿಸಿದ. ಹಿಂದೆ ಕತ್ತಲೆ, ಮುಂದೆ ಹುಣ್ಣಿಮೆ ಚಂದ್ರನ ಹಾಗೆ ಹೊಳೆಯುವ ಒಂದು ಬೊಕ್ಕತಲೆ. ನನ್ನದೇ.

ಕ್ಯಾಮೆರಾದೊಳಗಿನ ಪುಟ್ಟ ಫ್ಲ್ಯಾಶ್‌ಗೆ ಅಷ್ಟು ದೂರ ಹೋಗುವ ತಾಕತ್ತಿಲ್ಲ. ದೂರ ಎರಡು ಪಟ್ಟಾದರೆ ಬೆಳಕು ಅರ್ಧ ಆಗುವುದಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ನಾಲ್ಕು ಪಟ್ಟು ದೂರಕ್ಕೆ ಹದಿನಾರನೇ ಒಂದು ಭಾಗ. ಗೈಡ್ ನಂಬರ್, ಅಂದರೆ ಫ್ಲ್ಯಾಶ್‌ನ ತಾಕತ್ತಿನ ಅಂಕಿ, 12 ಇರುವ ಫ್ಲ್ಯಾಶ್‌ಗೆ ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ) 100, ಅಪರ್ಚರ್ (ಲೆನ್ಸಿನ ಬಾಯಿಯ ಅಗಲ) ಎಫ್ 4 ಇಟ್ಟರೆ ಮುಟ್ಟುವುದು 3 ಮೀಟರ್. ಹತ್ತು ಅಡಿ, ಅಷ್ಟೇ. ಐಎಸ್ಒ 1600ಕ್ಕೆ ಏರಿಸಿದರೂ 12 ಮೀಟರ್. ಅವನಿಗೆ ಬೇಕಾದದ್ದು 18. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಝೂಮ್ ಮಾಡಿದರೆ ಫ್ಲ್ಯಾಶ್ ಕೂಡ ಮುಂದೆ ಹೋಗುತ್ತದೆ ಅಂತ ಅವನ ಲೆಕ್ಕ. ಹೆಚ್ಚಿನ ಸಣ್ಣ ಕ್ಯಾಮೆರಾಗಳಲ್ಲಿ ಝೂಮ್ ಮಾಡಿದಷ್ಟೂ ಲೆನ್ಸಿನ ಬಾಯಿ ಕಿರಿದಾಗಿ, ಫ್ಲ್ಯಾಶ್ ಮುಟ್ಟುವ ದೂರ ಇನ್ನೂ ಕಡಿಮೆಯೇ ಆಗುವುದು!

"ಫ್ಲ್ಯಾಶ್ ಇಲ್ಲದಿದ್ದರೆ ಫೋಟೋ ಅಲುಗುತ್ತದಲ್ಲ?" ಅಂತ ಕೇಳುತ್ತೀರಿ, ಗೊತ್ತು. ಐಎಸ್ಒ 100ರಲ್ಲೇ ಕೂತರೆ ಅಲುಗದೆ ಇನ್ನೇನು? ರಂಗಸ್ಥಳಕ್ಕೆ ಅಷ್ಟೊಂದು ಲೈಟು ಹಾಕಿದ್ದಾರೆ, ಅದೇ ನಿಮ್ಮ ಫ್ಲ್ಯಾಶ್. 1600, 3200ಕ್ಕೆ ಏರಿಸಿ, ಕಂಬಕ್ಕೆ ಒರಗಿ ನಿಲ್ಲಿ, ಸಾಕು. ಮತ್ತೆ ಧಿಗಿಣ ಹೊಡೆಯುತ್ತಾ ಗಿರಗಿರ ಸುತ್ತಿ ಕುಣಿಯುವವನ ಗೆಜ್ಜೆಕಾಲು ಕೊಂಚ ಮಸುಕಾದರೆ ಏನೀಗ? ಅವನೇನು ಅಂಗಡಿಯ ಗೊಂಬೆಯಾ?

ನನಗೆ ನಿಜಕ್ಕೂ ಹೊಟ್ಟೆ ಉರಿದದ್ದು ಮಹಿಷಾಸುರ ಬಂದಾಗ. ಪ್ರೇಕ್ಷಕರ ನಡುವಿನಿಂದ, ಎರಡೂ ಕಡೆ ದೊಂದಿ ಉರಿಯುತ್ತಾ, ರಾಳದ ಪುಡಿ ಎರಚಿದಾಗ ಭಗ್ಗನೆ ಏಳುವ ಬೆಂಕಿ, ಚೆಂಡೆ, ಆ ಕೋಡು... ನಾನು ಐದು ವರ್ಷದವನಿದ್ದಾಗ ಅಜ್ಜಿಯ ಸೆರಗಿನೊಳಗೆ ಅಡಗಿದ್ದೆ, ಈಗಲೂ ಎದೆ ಡವಗುಟ್ಟುತ್ತದೆ. ಆ ಹೊತ್ತಿಗೆ ಮೂರಡಿ ದೂರದಿಂದ ಹತ್ತು ಜನ ಫಳ್ ಫಳ್! ದೊಂದಿಯ ಕೆಂಪು ಬೆಳಕೆಲ್ಲ ಸತ್ತೇ ಹೋಯಿತು. ಗಂಟೆಗಟ್ಟಲೆ ಕೂತು ಮುಖಕ್ಕೆ ಇಟ್ಟ ಅಕ್ಕಿಹಿಟ್ಟಿನ ಚುಟ್ಟಿ, ಆ ಬಿಳಿ ಚುಕ್ಕಿಗಳ ಸಾಲು, ಫೋಟೋದಲ್ಲಿ ಬರೀ ಸುಣ್ಣದ ಗೋಡೆ. ದೂರದಲ್ಲಿ ಮುಟ್ಟದ ಫ್ಲ್ಯಾಶ್ ಹತ್ತಿರ ಬಂದರೆ ಸುಡುತ್ತದೆ. ಆ ದೊಂದಿಯ ಹೊಗೆಯಲ್ಲಿ, ಆ ಭಾರದ ವೇಷದಲ್ಲಿ, ಕಣ್ಣಿಗೆ ಫ್ಲ್ಯಾಶ್ ಹೊಡೆಸಿಕೊಂಡು ನಡೆಯುವವನ ಪಾಡು ಯೋಚಿಸಿ.

ಅಷ್ಟು ಹತ್ತಿರದಲ್ಲಿ ಹಾಕಲೇಬೇಕು ಅಂದರೆ ಎರಡು ಹೆಜ್ಜೆ ಹಿಂದೆ ಹೋಗಿ. ಫ್ಲ್ಯಾಶ್ ಕಾಂಪೆನ್ಸೇಶನ್ ಅಂತ ಒಂದು ಆಯ್ಕೆ ಉಂಟು, ಮೈನಸ್ 1ಕ್ಕೆ ಇಳಿಸಿ. ಅದೂ ಇಲ್ಲವಾ, ಫ್ಲ್ಯಾಶ್ ಮೇಲೆ ಒಂದು ಟಿಶ್ಯೂ ಪೇಪರ್ ಹಿಡಿಯಿರಿ. ಸ್ಲೋ ಸಿಂಕ್ ಇಟ್ಟರೆ ಶಟರ್ ಸ್ವಲ್ಪ ಹೊತ್ತು ತೆರೆದಿದ್ದು ದೊಂದಿಯ ಬೆಳಕೂ ಫೋಟೋಗೆ ಬರುತ್ತದೆ. ಫ್ಲ್ಯಾಶ್‌ಗೆ ಸರಿಯಾದ ಜಾಗ ಎಂದರೆ ವೇಷ ಕಟ್ಟುವ ಚೌಕಿ. ಆರೆಂಟು ಅಡಿ ದೂರ, ವೇಷಧಾರಿಯನ್ನು ಕೇಳಿ, ಅವರು ಹೂಂ ಅಂದರೆ ಒಂದು. ಅಥವಾ ಸಂಜೆ ಮಲ್ಪೆಯಲ್ಲಿ ಸೂರ್ಯನಿಗೆ ಬೆನ್ನು ಹಾಕಿ ನಿಂತ ಹೆಂಡತಿಯ ಮುಖಕ್ಕೆ. ಅಲ್ಲಿ ಹಾಕಿ ಮಾರಾಯ್ರೆ, ಮುಖ ಕಪ್ಪಾಗುವುದಿಲ್ಲ. ಅಲ್ಲಿ ಮಾತ್ರ ಯಾರೂ ಹಾಕುವುದಿಲ್ಲ!

ಇಷ್ಟೆಲ್ಲ ಹೇಳುವ ನಾನೇನು ಹುಟ್ಟುವಾಗಲೇ ಕಲಿತವನಾ? 2006ರಲ್ಲಿ ಮಂಗಳೂರಿನ ಹಾಲ್‌ನಲ್ಲಿ ಅಕ್ಕನ ಮದುವೆ. ನಾನು ಬಾಲ್ಕನಿಯಲ್ಲಿ ನಿಂತು 140 ಫೋಟೋ ಹೊಡೆದೆ, ಎಲ್ಲ ಫ್ಲ್ಯಾಶ್ ಹಾಕಿ. ಬಾಲ್ಕನಿಯ ಕಂಬಿ ಮಾತ್ರ ಬಹಳ ಸ್ಪಷ್ಟವಾಗಿ ಬಂದಿತ್ತು. ಧಾರೆ ಎರೆಯುವ ಫೋಟೋ ಒಂದೂ ಇಲ್ಲ. ಅಕ್ಕ ಈಗಲೂ ಊಟಕ್ಕೆ ಕೂತಾಗ ಅದನ್ನು ಎತ್ತುತ್ತಾಳೆ.

ಹುಡುಗನಿಗೆ ಫ್ಲ್ಯಾಶ್ ಆಫ್ ಮಾಡಿ ಐಎಸ್ಒ ಏರಿಸಿ ಕೊಟ್ಟೆ. ದೇವಿಯ ಫೋಟೋ ಚಂದ ಬಂತು, "ಸೂಪರ್ ಅಂಕಲ್" ಅಂದ. ಹತ್ತು ನಿಮಿಷ ಕಳೆದು ಮತ್ತೆ ಫಳ್.

ಮೇ ಕೊನೆಯ ಪತ್ತನಾಜೆಗೆ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ತನಕ ಇನ್ನೂ ಎಷ್ಟೋ ಆಟ ಉಂಟು. ಮುಂದಿನದಕ್ಕೆ ನಾನು ಟೋಪಿ ಹಾಕಿಕೊಂಡು ಹೋಗುತ್ತೇನೆ.