ಸ್ಪಷ್ಟನೆ: ಮೌಂಟ್ ಬದಲಿಸಿದರೆ ಸಾಕು ಅನ್ನುವುದು ಅರ್ಧ ಸತ್ಯ

'ಹಳೇ ಫೋರ್-ವೀಲ್-ಡ್ರೈವ್ ಟ್ರಕ್‌ನ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಲು ಮೌಂಟ್, ಅಡಾಪ್ಟರ್ ಪ್ಲೇಟ್ ಇದ್ದರೆ ಸಾಕು' ಎಂಬ ಮಾತು ಹರಿದಾಡುತ್ತಿದೆ (ಮೌಂಟ್ ಅಂದರೆ ಎಂಜಿನ್ ಹಿಡಿದಿಡುವ ಆಸರೆ, ಅಡಾಪ್ಟರ್ ಪ್ಲೇಟ್ ಅಂದರೆ ಅದನ್ನು ಗೇರ್‌ಬಾಕ್ಸ್‌ಗೆ ಜೋಡಿಸುವ ತಟ್ಟೆ). ಎಂಜಿನ್ ಕೂರುತ್ತದೆ, ನಿಜ. ಆದರೆ ಬ್ರೇಕ್ ಗತಿ ಏನು?

ಪೆಟ್ರೋಲ್ ಎಂಜಿನ್‌ನಲ್ಲಿ ಥ್ರಾಟಲ್ (ಒಳಬರುವ ಗಾಳಿಯನ್ನು ನಿಯಂತ್ರಿಸುವ ಕವಾಟ) ಮುಚ್ಚಿದಾಗ ಇನ್‌ಟೇಕ್‌ನಲ್ಲಿ, ಅಂದರೆ ಗಾಳಿ ಒಳಹೋಗುವ ದಾರಿಯಲ್ಲಿ, ವ್ಯಾಕ್ಯೂಮ್ (ನಿರ್ವಾತ) ಹುಟ್ಟುತ್ತದೆ. ಪೆಡಲ್ ತುಳಿಯುವ ಬಲವನ್ನು ಹೆಚ್ಚಿಸುವ ಬ್ರೇಕ್ ಬೂಸ್ಟರ್ ನಡೆಯುವುದೇ ಅದರಿಂದ. ಹಳೇ ಡೀಸೆಲ್‌ಗಳಲ್ಲಿ ಸಾಮಾನ್ಯವಾಗಿ ಥ್ರಾಟಲ್ ಇರುವುದಿಲ್ಲ, ಹಾಗಾಗಿ ಆ ವ್ಯಾಕ್ಯೂಮೂ ಇಲ್ಲ. ಬೇರೆ ವ್ಯಾಕ್ಯೂಮ್ ಪಂಪ್ ಇಲ್ಲದಿದ್ದರೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಲೋಡ್ ಹೊತ್ತು ಇಳಿಜಾರಿನಲ್ಲಿ ಇಳಿಯುವಾಗ ಹೀಗಾದರೆ? ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಗೇರಿಂಗ್ ಕೂಡ ನೋಡಬೇಕು. ಹಳೇ ಡೀಸೆಲ್‌ಗಳು ಹೆಚ್ಚಾಗಿ 4000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸಿನಲ್ಲೇ ಗರಿಷ್ಠ ವೇಗ ಮುಟ್ಟುತ್ತವೆ. ಪೆಟ್ರೋಲ್‌ಗೆಂದು ಮಾಡಿದ ಆಕ್ಸಲ್ ರೇಷಿಯೋ (ಚಕ್ರ ಒಂದು ಸುತ್ತು ತಿರುಗಲು ಆಕ್ಸಲ್‌ಗೆ ಬರುವ ಶಾಫ್ಟ್ ಎಷ್ಟು ಸುತ್ತಬೇಕು ಎಂಬ ಲೆಕ್ಕ) ಹಾಗೇ ಉಳಿದರೆ ಹೆದ್ದಾರಿಯಲ್ಲಿ ಎಂಜಿನ್ ಸುಮ್ನೆ ಕಿರುಚುತ್ತದೆ. ಡೀಸೆಲ್ ಎಂಜಿನ್‌ಗೆ ಭಾರ ಜಾಸ್ತಿ ಅಲ್ವಾ, ಮುಂದಿನ ಸ್ಪ್ರಿಂಗ್‌ಗಳೂ ಗಟ್ಟಿ ಬೇಕಾಗಬಹುದು. ಇಂಧನ ವಾಪಸ್ ಬರುವ ಲೈನ್, ಗ್ಲೋ ಪ್ಲಗ್ (ತಣ್ಣಗಿರುವ ಡೀಸೆಲ್ ಎಂಜಿನ್ ಶುರುವಾಗಲು ಬಿಸಿ ಕೊಡುವ ಭಾಗ) ವೈರಿಂಗ್, ದೊಡ್ಡ ಬ್ಯಾಟರಿ ಕೂಡ ಲೆಕ್ಕಕ್ಕೆ ಸೇರಿಸಿ. ಟ್ಯಾಂಕ್‌ನಲ್ಲಿ ಪೆಟ್ರೋಲ್ ಉಳಿಸಬೇಡಿ: ಎಂಜಿನ್‌ಗೆ ಇಂಧನ ಒತ್ತಿ ಕಳಿಸುವ ಇಂಜೆಕ್ಷನ್ ಪಂಪ್‌ಗೆ ಡೀಸೆಲ್ಲೇ ಜಾರಿಕೆ ಕೊಡುವುದು, ಪೆಟ್ರೋಲ್ ಬೆರೆತರೆ ಪಂಪ್ ಸವೆಯುತ್ತದೆ.