ಕೌದಿಗೆ ಅಂಚೇ ಮೊದಲು

ನನಗೆ ಗೊತ್ತಿರುವ ಅರ್ಧಕ್ಕರ್ಧ ಹೆಂಗಸರ ಬೀರುವಿನಲ್ಲಿ ಮುಗಿಯದ ಕೌದಿ ಒಂದಿದೆ. ಮೇಲಿನ ತುಂಡುಗಳನ್ನು ಜೋಡಿಸಿ ಆಗಿರುತ್ತದೆ. ಚೌಕ, ತ್ರಿಕೋನ, ಖಣದ ಚೂರು, ಹಳೇ ಫ್ರಾಕಿನ ಹೂವು ಎಲ್ಲಾ ಸೇರಿ ಚೆಂದವಾಗಿಯೇ ಇರುತ್ತದೆ. ಫೋಟೋ ಹಾಕಿದ್ದೂ ಆಯಿತು, ಲೈಕ್ ಬಂದಿದ್ದೂ ಆಯಿತು. ಇನ್ನು ಪದರ ಸೇರಿಸಿ ಹೊಲಿಯಬೇಕು, ಅಂಚು ಕಟ್ಟಬೇಕು ಅನ್ನುವಾಗ ಕೈ ನಿಂತುಬಿಡುತ್ತದೆ. ಇದಕ್ಕೆ ಸೋಮಾರಿತನ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ನಾವು ಕಲಿಯುವ ಕ್ರಮವೇ ತಲೆಕೆಳಗಾಗಿದೆ. ಬಣ್ಣ ಜೋಡಿಸುವುದನ್ನು ಮೊದಲು ಕಲಿಯುತ್ತೇವೆ, ಅಂಚನ್ನು ಕೊನೆಗೆ ಬಿಡುತ್ತೇವೆ. ಕೌದಿ ಕಲಿಯುವವರು ಅಂಚಿನಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ವಾದ.

ಹಳೇ ಕೌದಿ ಎಲ್ಲಿ ಮೊದಲು ಹರಿಯುತ್ತದೆ ಅಂತ ಗಮನಿಸಿ ನೋಡಿ. ನಡುವೆ ಅಲ್ಲ, ಅಂಚಿನಲ್ಲಿ. ರಾತ್ರಿ ಎಳೆದುಕೊಳ್ಳುವುದು ಅಂಚು ಹಿಡಿದೇ. ಗಲ್ಲಕ್ಕೆ, ಪಾದಕ್ಕೆ ತಿಕ್ಕುವುದೂ ಅದೇ. ಉತ್ತರ ಕರ್ನಾಟಕದ ಕಡೆ ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯೆಲ್ಲಾ ಗಂಟು ಕಟ್ಟಿ ಕೆರೆಗೋ ಹೊಳೆಗೋ ಒಯ್ಯುವುದು ನಿಮಗೆ ಗೊತ್ತಲ್ವಾ? ನಾಲ್ಕೈದು ಪದರದ ಕೌದಿ ನೀರು ಕುಡಿದರೆ ಒಬ್ಬರ ಕೈಗೆ ಏಳುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು ತಿರುಚಿ ಹಿಂಡಬೇಕು. ಆ ಭಾರವೆಲ್ಲಾ ಬೀಳುವುದು ಅಂಚಿನ ಒಂದು ಸಾಲು ಹೊಲಿಗೆಯ ಮೇಲೆ. ಅಲ್ಲಿ ಬಿಟ್ಟುಕೊಂಡರೆ ಒಳಗಿನ ಪದರ ಸರಿಯುತ್ತದೆ, ಒಂದು ಕಡೆ ಗಂಟಾಗುತ್ತದೆ. ಆಮೇಲೆ ಮೇಲಿನ ಚಿತ್ತಾರ ಎಷ್ಟು ಚೆಂದ ಇದ್ದರೇನು?

ಅಂಚಿನಿಂದ ಶುರು ಮಾಡುವುದು ನಾನು ಕಂಡುಹಿಡಿದಿದ್ದಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವುದೇ ಹಾಗೆ. ಪೋರ್ಚುಗೀಸರ ಕಾಲದಲ್ಲಿ ಗೋವಾಕ್ಕೆ ಗುಲಾಮರಾಗಿ ಬಂದ ಆಫ್ರಿಕನ್ನರ ಮೊಮ್ಮಕ್ಕಳ ಮೊಮ್ಮಕ್ಕಳು ಇವರು. ಇವರ ಕೌದಿಯಲ್ಲಿ ಮೇಲಿನ ಪದರವನ್ನು ಬೇರೆಯಾಗಿ ಜೋಡಿಸಿಕೊಳ್ಳುವುದೇ ಇಲ್ಲ. ಕೆಳಗೆ ಸೀರೆ ಹಾಸುತ್ತಾರೆ. ಅದರ ಅಂಚನ್ನು ಒಳಕ್ಕೆ ಮಡಚುತ್ತಾರೆ. ಒಂದು ಮೂಲೆಯಲ್ಲಿ ಮೊದಲ ತುಂಡಿಟ್ಟು, ಅದರ ಅಂಚನ್ನೂ ಒಳಕ್ಕೆ ಮಡಚಿ, ಎರಡನ್ನೂ ಸೇರಿಸಿ ಸಾದಾ ಓಟದ ಹೊಲಿಗೆ (ರನ್ನಿಂಗ್ ಸ್ಟಿಚ್) ಹಾಕುತ್ತಾ ಹೋಗುತ್ತಾರೆ. ತುಂಡು ಮುಗಿಯುವಷ್ಟರಲ್ಲಿ ಇನ್ನೊಂದು ತುಂಡು, ಅದರ ಪಕ್ಕ ಮತ್ತೊಂದು. ನಾಲ್ಕೂ ಬದಿ ಸುತ್ತಿ ಬಂದು, ಅದರ ಒಳಗೆ ಇನ್ನೊಂದು ಸುತ್ತು. ಹೀಗೆ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದಾಗ ಕೌದಿ ಮುಗಿಯಿತು. ಜೋಡಣೆ, ಪದರ ಸೇರಿಸುವುದು, ಅಂಚು ಕಟ್ಟುವುದು ಮೂರೂ ಒಂದೇ ಹೊಲಿಗೆಯಲ್ಲಿ ಆಗಿಹೋಗುತ್ತವೆ. ಕೊನೆಯಲ್ಲಿ ಮೂಲೆ ಮೂಲೆಗೆ ಮಡಚಿದ ಬಟ್ಟೆಯ ಚಿಕ್ಕ ಹೂವು ಕೂರಿಸುತ್ತಾರೆ, ಅದಕ್ಕೆ ಫೂಲ ಅಂತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ.

2004ರಲ್ಲಿ ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂಯಲ್ ಅವರ ಒತ್ತಾಸೆಯಿಂದ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ಶುರುವಾಯಿತು. ಹೊರದೇಶದ ಹೊಲಿಗೆಯವರು ಈಗ ಈ ವಿಧಾನವನ್ನು ಕಲಿತು ವಿಡಿಯೋ ಮಾಡುತ್ತಿದ್ದಾರೆ. ನಮ್ಮ ಹುಬ್ಬಳ್ಳಿ, ಬೆಂಗಳೂರಿನವರು ಆ ವಿಡಿಯೋ ನೋಡಿ ‘ಅಯ್ಯೋ ಎಷ್ಟು ಚೆಂದ’ ಅಂತಾರೆ. ಸುಮ್ನೆ ಹೇಳಿದೆ, ಬಿಡಿ.

ಹಾಗಂತ ಅಂಚಿಗೆ ಬೇರೆ ಬಟ್ಟೆಯ ಪಟ್ಟಿ ಕಟ್ಟುವುದೇ ಬೇಡ ಅಂತ ನಾನು ಹೇಳುವುದಿಲ್ಲ. ಈಗಾಗಲೇ ಮೇಲಿನ ಪದರ ಜೋಡಿಸಿ ಇಟ್ಟುಕೊಂಡಿದ್ದರೆ ಅದೇ ದಾರಿ. ಆದರೆ ಒಂದು ಮಾತು. ಕೌದಿ ಪೂರ್ತಿ ಹೊಲಿದು ಮುಗಿಯುವವರೆಗೆ ಬದಿಗಳನ್ನು ಕತ್ತರಿಸಬೇಡಿ. ಕೈಹೊಲಿಗೆ ಬಿದ್ದ ಹಾಗೆಲ್ಲ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಮೊದಲೇ ಅಳತೆಗೆ ಕತ್ತರಿಸಿದರೆ ಕೊನೆಗೆ ಒಂದು ಬದಿ ಗಿಡ್ಡ, ಒಂದು ಬದಿ ಉದ್ದ. ಈ ವಿಧಾನದಲ್ಲಿ ಹೊಲಿಗೆ ನಡುವಿನಿಂದ ಹೊರಕ್ಕೆ ಹೋಗಬೇಕು, ಸುಕ್ಕು ಇದ್ದರೆ ಬದಿಗೆ ಸರಿದುಹೋಗಲಿ ಅಂತ.

ಪಟ್ಟಿಗೆ ಎರಡೂವರೆ ಇಂಚು ಅಗಲ ಸಾಕು. ಉದ್ದಕ್ಕೆ ಮಡಚಿ ಇಸ್ತ್ರಿ ಹಾಕಿದರೆ ಒಂದೂಕಾಲು ಇಂಚಾಗುತ್ತದೆ. ಅದರ ಬಿಚ್ಚಿದ ಬದಿಯನ್ನು ಕೌದಿಯ ಅಂಚಿಗೆ ಸರಿಯಾಗಿ ಕೂರಿಸಿ ಕಾಲು ಇಂಚು ಒಳಗೆ ಹೊಲಿಗೆ ಹಾಕಿ. ಮೂಲೆಗೆ ಕಾಲು ಇಂಚು ಇರುವಾಗ ನಿಲ್ಲಿಸಿ. ಪಟ್ಟಿಯನ್ನು ಓರೆಯಾಗಿ ಮೇಲಕ್ಕೆ ಮಡಚಿ, ಮತ್ತೆ ನೇರ ಕೆಳಕ್ಕೆ ಮಡಚಿ, ಪಕ್ಕದ ಬದಿಯನ್ನು ಮೇಲಿನಿಂದ ಶುರು ಮಾಡಿ. ಓದುವಾಗ ಗೊಂದಲ ಅನ್ನಿಸುತ್ತದೆ. ಒಂದು ಹಳೇ ಕರ್ಚೀಫಿನ ಮೂಲೆಯಲ್ಲಿ ಮಾಡಿ ನೋಡಿ, ಕೈಗೆ ಬಂದುಬಿಡುತ್ತದೆ. ಆಮೇಲೆ ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ ಹೆಮ್ಮಿಂಗ್ ಮಾಡಿದರೆ ಮುಗಿಯಿತು.

ಬಟ್ಟೆಯ ಲೆಕ್ಕ ಹೇಳುತ್ತೇನೆ. 60 ಇಂಚು ಅಗಲ, 90 ಇಂಚು ಉದ್ದದ ಕೌದಿಗೆ ಸುತ್ತಳತೆ 300 ಇಂಚು. ಮೂಲೆಗೆ, ಜೋಡಣೆಗೆ ಅಂತ ಇನ್ನೊಂದು ಅಡಿ ಸೇರಿಸಿ. ಅಂಗಡಿಯ 44 ಇಂಚು ಪನ್ನದ, ಅಂದರೆ ಅಷ್ಟು ಅಗಲದ, ಬಟ್ಟೆಯಲ್ಲಿ ಅಡ್ಡಡ್ಡ ಕತ್ತರಿಸಿದರೆ ಎಂಟು ಪಟ್ಟಿ ಬೇಕು, ಏಳು ಜೋಡಣೆ. ಅದೇ ಐದೂವರೆ ಮೀಟರಿನ ಕಾಟನ್ ಸೀರೆಯನ್ನು ಉದ್ದಕ್ಕೆ ಹರಿದರೆ ಎರಡೇ ಪಟ್ಟಿ ಸಾಕು, ಒಂದೇ ಜೋಡಣೆ. ಉದ್ದದ ಎಳೆ ಜಗ್ಗುವುದೂ ಕಡಿಮೆ. ಪಟ್ಟಿ ಜೋಡಿಸುವಾಗ ಓರೆಯಾಗಿ ಜೋಡಿಸಿ, ನೇರ ಜೋಡಿಸಿದರೆ ಆ ಜಾಗ ದಪ್ಪಗೆ ಉಬ್ಬುತ್ತದೆ. ಕ್ರಾಸ್ ಪೀಸೇ, ಅಂದರೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ ಪಟ್ಟಿಯೇ, ಬೇಕು ಅಂತ ಕೆಲವರು ಹಟ ಮಾಡುತ್ತಾರೆ. ಮೂಲೆ ದುಂಡಗಿದ್ದರೆ ಹೌದು, ಬೇಕು. ನೇರ ಬದಿಗೆ ಅದು ಬಟ್ಟೆ ದಂಡ, ಮೇಲಾಗಿ ಹೊಲಿಯುವಾಗ ಜಗ್ಗಿ ಅಲೆ ಅಲೆಯಾಗುತ್ತದೆ.

ಒಳಗೆ ಎಷ್ಟು ಹಳೇ ಬಟ್ಟೆ ಹಾಕಿದರೂ ಒಳ್ಳೆಯದೇ. ಉಟ್ಟು ಉಟ್ಟು ಮೆತ್ತಗಾದ ಸೀರೆ, ಧೋತ್ರಕ್ಕಿಂತ ಹಿತವಾದ ಪದರ ಯಾವುದಿದೆ? ಆದರೆ ಅಂಚಿಗೆ ಮಾತ್ರ ಗಟ್ಟಿ ಬಟ್ಟೆಯೇ ಇರಲಿ. ನೆನಪಿಗೆ ಅಂತ ಅಜ್ಜಿಯ ಸೀರೆಯನ್ನು ಅಂಚಿಗೆ ಕಟ್ಟುವವರಿಗೆ ನನ್ನ ಬೇಡಿಕೆ ಇಷ್ಟೇ, ಅದನ್ನು ನಡುವೆ ಹಾಕಿ. ನೂರು ಸಲ ಒಗೆದ ಎಳೆ ಅಂಚಿನಲ್ಲಿ ಎರಡು ವರ್ಷವೂ ನಿಲ್ಲುವುದಿಲ್ಲ. ಹೊಸ ಬಟ್ಟೆಯನ್ನು ಮೊದಲೇ ಒಗೆದುಬಿಡಿ, ಕುಗ್ಗುವುದೆಲ್ಲಾ ಕುಗ್ಗಲಿ. ಕೆಂಪು, ಕಡುನೀಲಿ ಇದ್ದರೆ ತೊಳೆದ ನೀರು ತಿಳಿಯಾಗುವವರೆಗೆ ಒಗೆಯಿರಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ದಾರ ದಪ್ಪ ಕಾಟನ್ನೇ ಆಗಲಿ. ಪಾಲಿಯೆಸ್ಟರ್ ದಾರ ಗಟ್ಟಿ ನಿಜ, ಅದಕ್ಕೇ ಬೇಡ ಅನ್ನುವುದು. ಜಗ್ಗಿದಾಗ ದಾರ ಉಳಿದು ಹಳೇ ಬಟ್ಟೆ ಹರಿಯುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು, ಬಟ್ಟೆ ಹರಿದರೆ ಏನು ಮಾಡುತ್ತೀರಿ?

ಇನ್ನೂ ಒಂದು ಸುಲಭದ ದಾರಿ ಇದೆ, ಯಾಕೋ ಜಾಸ್ತಿ ಜನ ಹೇಳುವುದಿಲ್ಲ. ಕೆಳಗಿನ ಬಟ್ಟೆಯನ್ನು ಸುತ್ತಲೂ ಎರಡು ಇಂಚು ದೊಡ್ಡದಾಗಿ ಬಿಡಿ. ಅದನ್ನೇ ಎರಡು ಮಡಿಕೆ ಮಾಡಿ ಮುಂದಕ್ಕೆ ತಂದು ಹೊಲಿದುಬಿಡಿ. ಬೇರೆ ಪಟ್ಟಿ ಬೇಡ, ಜೋಡಣೆ ಬೇಡ. ಕೆಳಗಿನ ಬಟ್ಟೆ ಹೊಸದಿರಬೇಕು, ಅಷ್ಟೇ.

‘ಮೆಷಿನ್‌ನಲ್ಲಿ ಹಾಕಿದರೆ ಒಂದು ಮಧ್ಯಾಹ್ನದ ಕೆಲಸ ಅಲ್ವಾ?’ ಅಂತ ಕೇಳುವವರು ಇದ್ದೇ ಇರುತ್ತಾರೆ. ಪಟ್ಟಿಯ ಮೊದಲ ಸುತ್ತಿಗೆ ಮೆಷಿನ್ ಹಾಕಿ, ನನ್ನದೇನೂ ತಕರಾರಿಲ್ಲ. ಆದರೆ ನಾಲ್ಕು ಪದರವನ್ನು ಮನೆಯ ಮೆಷಿನ್ನಿನ ಪಾದದ ಕೆಳಗೆ ತೂರಿಸಿದರೆ ಮೇಲಿನ ಬಟ್ಟೆ ಒಂದು ಕಡೆ, ಕೆಳಗಿನದು ಒಂದು ಕಡೆ ಹೋಗುತ್ತದೆ. ಮೈಗೆ ಹೊದ್ದರೆ ಬಿಗಿ ಬಿಗಿ. ಕೈಹೊಲಿಗೆಯ ಕೌದಿ ಮೈಗೆ ಒಗ್ಗುತ್ತದೆ.

ಬೆಲೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಪ್ರದರ್ಶನದಲ್ಲಿ ಕೌದಿ ಮುಂದೆ ನಿಂತು ‘ಹಳೇ ಸೀರೆಗೆ ಇಷ್ಟೊಂದಾ?’ ಅನ್ನುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅದೇ 60ಕ್ಕೆ 90 ಇಂಚಿನ ಕೌದಿ ತೆಗೆದುಕೊಳ್ಳಿ. ಗೆರೆಗೂ ಗೆರೆಗೂ ನಡುವೆ ಒಂದು ಇಂಚು ಬಿಟ್ಟರೂ 450 ಅಡಿ ಹೊಲಿಗೆ ಆಯಿತು. ಇಂಚಿಗೆ ನಾಲ್ಕು ಸಲ ಸೂಜಿ ಹೊಕ್ಕರೆ 21,600 ಸಲ. ಹಳೇ ಸೀರೆಗಲ್ಲ, ಅದಕ್ಕೆ ಅವರು ದುಡ್ಡು ಕೇಳುವುದು. ಒಂದು ಕೌದಿ ಪೂರ್ತಿ ಹೊಲಿದವರು ಯಾರೂ ಚೌಕಾಸಿ ಮಾಡುವುದನ್ನು ನಾನು ಕಂಡಿಲ್ಲ.

ಹೊಸದಾಗಿ ಶುರು ಮಾಡುವವರು ಡಬಲ್ ಕಾಟ್ ಅಳತೆಗೆ ಕೈ ಹಾಕಬೇಡಿ. ತೊಟ್ಟಿಲ ಕೌದಿ ಸಾಕು, 30ಕ್ಕೆ 40 ಇಂಚು. ಕೆಳಗೊಂದು ಹೊಸ ಕಾಟನ್ ಬಟ್ಟೆ, ಒಳಗೊಂದು ಪದರ ಮೆತ್ತನೆ ಸೀರೆ, ಮೇಲೆ ಅಂಗೈ ಅಗಲದ ತುಂಡುಗಳು. ಸಿದ್ದಿಯವರ ಹಾಗೆ ಮೂಲೆಯಿಂದ ಹಿಡಿಯಿರಿ. ಮೊದಲ ಸುತ್ತು ಮುಗಿಯುವಷ್ಟರಲ್ಲಿ ನಾಲ್ಕೂ ಅಂಚು ಕಟ್ಟಿ ಆಗಿರುತ್ತದೆ. ಬೀರುವಿನಲ್ಲಿ ಈಗಾಗಲೇ ಒಂದು ಕೂತಿದ್ದರೆ ಅದಕ್ಕೆ ಕೆಳಗಿನ ಬಟ್ಟೆಯನ್ನೇ ಮುಂದಕ್ಕೆ ಮಡಚುವ ಉಪಾಯ ಸಾಕು. ಈ ದೀಪಾವಳಿ ಕಳೆದ ಮೇಲೆ ಚಳಿ ಬರುತ್ತದೆ, ಈಗ ಹಿಡಿದರೆ ಹೊದೆಯಲು ಆಗುತ್ತದೆ.