‘ಮಾಲ್ಡೀನಿ ಯಾರು ಮಾವ?’

ನಿನ್ನೆ ರಾತ್ರಿ ಊಟ ಮುಗಿಸಿ ಕೂತಿದ್ದೆ. ಅಕ್ಕನ ಮಗ ಮೊಬೈಲ್ ಹಿಡಿದು ಬಂದ. ‘ಮಾವ, ನಿಮ್ಮ ಕಾಲದವರೂ ಇದಾರೆ ನೋಡಿ’ ಅಂದ. ಯುರೋಪಿನ ಫುಟ್‌ಬಾಲ್‌ನಲ್ಲಿ ಯಾವ ಕಾಲಕ್ಕೆ ಯಾರು ದೊಡ್ಡವರು ಅನ್ನೋ ರೀಲ್. ಅರವತ್ತರ ದಶಕಕ್ಕೆ ಯುಸೇಬಿಯೊ, ಎಪ್ಪತ್ತಕ್ಕೆ ಕ್ರೈಫ್, ಎಂಬತ್ತಕ್ಕೆ ಪ್ಲಾಟಿನಿ, ತೊಂಬತ್ತಕ್ಕೆ ಜಿಡಾನ್, ಆಮೇಲೆ ರೊನಾಲ್ಡೊ. ಹಿಂದೆ ಡಬಡಬ ಅನ್ನೋ ಮ್ಯೂಸಿಕ್. ಅರವತ್ತು ವರ್ಷ ಅರ್ಧ ನಿಮಿಷದಲ್ಲಿ ಮುಗಿದುಹೋಯಿತು.

ಎಲ್ಲರೂ ದೊಡ್ಡವರೇ, ತಕರಾರಿಲ್ಲ. ಆದರೆ ಅಷ್ಟೂ ಜನರಲ್ಲಿ ಒಬ್ಬ ಡಿಫೆಂಡರ್ ಇಲ್ಲ, ಹಿಂದೆ ನಿಂತು ಎದುರಾಳಿಯನ್ನು ತಡೆಯೋನು. ಗೋಲ್‌ಕೀಪರ್ ಅಂತೂ ಬಿಡಿ. ‘ಮಾಲ್ಡೀನಿ ಎಲ್ಲೋ?’ ಅಂದೆ. ‘ಯಾರು ಮಾವ ಅದು?’ ಅಂದ.

ಅಲ್ಲಿಗೆ ನನ್ನ ನಿದ್ದೆ ಕೆಟ್ಟಿತು.

ನಾನು ಕಾಲೇಜ್ ಟೀಮಿನಲ್ಲಿ ಬ್ಯಾಕ್, ಅಂದರೆ ಡಿಫೆಂಡರ್ ಆಗಿ ಆಡುತ್ತಿದ್ದೆ ಅಂತ ಇಲ್ಲಿರೋರಿಗೆಲ್ಲ ಗೊತ್ತು. ಗೊತ್ತಿಲ್ಲದವರಿಗೂ ಕರೆದು ಕೂರಿಸಿ ಹೇಳಿದ್ದೇನೆ. ‘ಇವನಿಗೆ ಹೊಟ್ಟೆಕಿಚ್ಚು’ ಅಂತ ಬರೆಯೋರು ಈಗಲೇ ಬರೆದುಬಿಡಿ. ಹೌದು ಸ್ವಾಮಿ, ಹೊಟ್ಟೆಕಿಚ್ಚೇ.

ಇಟಲಿಯ ಡಿಫೆಂಡರ್ ಪಾವ್ಲೊ ಮಾಲ್ಡೀನಿ ಅಲ್ಲಿನ ಮಿಲಾನ್ ಟೀಮಿಗೆ ಮೊದಲು ಆಡಿದ್ದು 1985ರ ಜನವರಿಯಲ್ಲಿ. ಆಗ ಅವನಿಗೆ 16 ವರ್ಷ. ಬಿಟ್ಟಿದ್ದು 2009ರಲ್ಲಿ, 40 ದಾಟಿದ ಮೇಲೆ. ಅದೇ ಕ್ಲಬ್, ಬೇರೆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಮಿಲಾನ್‌ಗೆ 902 ಪಂದ್ಯ, ಇಟಲಿಗೆ 126. ಯುರೋಪಿನ ದೊಡ್ಡ ಕಪ್ ಐದು ಸಲ, ಇಟಲಿಯ ಲೀಗ್ ಏಳು ಸಲ. ಬಲಗಾಲಿನ ಮನುಷ್ಯ, ಜೀವನದ ಬಹುಪಾಲು ಎಡಗಡೆ ಆಡಿದ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡೋ ಪ್ರಶಸ್ತಿ ಬ್ಯಾಲನ್ ಡಿ’ಓರ್ ಎಷ್ಟು? ಸೊನ್ನೆ.

ಎರಡು ಸಲ ಮೂರನೇ ಸ್ಥಾನ ಕೊಟ್ಟು ಕಳಿಸಿದರು. ಮದುವೆ ಮನೆಯಲ್ಲಿ ಊಟ ಮುಗಿದ ಮೇಲೆ ಬಂದವರಿಗೆ ಬಾಳೆಹಣ್ಣು ಕೊಟ್ಟು ಕಳಿಸ್ತಾರಲ್ಲ, ಹಾಗೆ.

1994ರ ಯುರೋಪ್ ಕಪ್ಪಿನದು ನೋಡಿ. ಅಥೆನ್ಸ್‌ನಲ್ಲಿ ಫೈನಲ್, ಎದುರಿಗೆ ಬಾರ್ಸಿಲೋನಾ. ಅವರ ಕೋಚ್ ಇದೇ ಕ್ರೈಫ್. ಮುಂದೆ ರೊಮಾರಿಯೊ, ಸ್ಟಾಯ್ಚ್‌ಕೋವ್. ಮಿಲಾನ್‌ನ ನಡು ಡಿಫೆನ್ಸಿನ ಇಬ್ಬರೂ, ಬರೇಸಿ ಮತ್ತು ಕೋಸ್ಟಾಕೂರ್ತಾ, ಸಸ್ಪೆಂಡ್ ಆಗಿ ಹೊರಗೆ ಕೂತಿದ್ದರು. ಮಾಲ್ಡೀನಿಯನ್ನು ಎಡಗಡೆಯಿಂದ ಎಳೆದು ನಡುವೆ ನಿಲ್ಲಿಸಿದರು. ಮಿಲಾನ್ 4, ಬಾರ್ಸಿಲೋನಾ 0. ಆ ವರ್ಷದ ಬ್ಯಾಲನ್ ಡಿ’ಓರ್ ಯಾರಿಗೆ ಹೋಯಿತು ಗೊತ್ತಾ? ಸ್ಟಾಯ್ಚ್‌ಕೋವ್‌ಗೆ! ಅವನು ವಿಶ್ವಕಪ್‌ನಲ್ಲಿ ಬಲ್ಗೇರಿಯಾವನ್ನು ಸೆಮಿಫೈನಲ್‌ವರೆಗೆ ಎಳೆದುಕೊಂಡು ಹೋದ, ಒಪ್ಪಿದೆ. ಆದರೂ ಹೊಟ್ಟೆ ಉರಿಯುತ್ತದೆ.

2003ರಲ್ಲಿ ಮತ್ತೆ ಅದೇ ಕಥೆ. ಮ್ಯಾಂಚೆಸ್ಟರ್‌ನಲ್ಲಿ ಫೈನಲ್, ಮಿಲಾನ್ ಮತ್ತು ಯುವೆಂಟಸ್. 120 ನಿಮಿಷ ಒಂದು ಗೋಲೂ ಇಲ್ಲ. ಪೆನಾಲ್ಟಿಯಲ್ಲಿ ಮಿಲಾನ್ ಗೆದ್ದಿತು, ಕ್ಯಾಪ್ಟನ್ ಮಾಲ್ಡೀನಿ ಕಪ್ ಎತ್ತಿದ. ಸರಿಯಾಗಿ 40 ವರ್ಷದ ಹಿಂದೆ, 1963ರಲ್ಲಿ, ಅದೇ ಇಂಗ್ಲೆಂಡಿನ ವೆಂಬ್ಲಿಯಲ್ಲಿ ಅವನ ಅಪ್ಪ ಚೆಸಾರೆ ಅದೇ ಮಿಲಾನ್‌ನ ಕ್ಯಾಪ್ಟನ್ ಆಗಿ ಅದೇ ಕಪ್ ಎತ್ತಿದ್ದ. 2003ರ ಬ್ಯಾಲನ್ ಡಿ’ಓರ್ ಬಂದದ್ದು ಯುವೆಂಟಸ್‌ನ ನೆಡ್ವೆಡ್‌ಗೆ. ಕಾರ್ಡ್ ತಿಂದು ಆ ಫೈನಲ್ ಆಡೋಕೇ ಆಗದವನು. ಎರಡನೆಯದು ಆನ್ರಿಗೆ. ಮೂರನೆಯದು, ಬಾಳೆಹಣ್ಣು.

‘ಗೋಲು ಹೊಡೆಯೋನೇ ಅಲ್ವಾ ಗೆಲ್ಲಿಸೋದು? ಡಿಫೆಂಡರ್‌ಗಳಿಗೂ ಸಿಕ್ಕಿದೆಯಲ್ಲ!’ ಅಂತ ಯಾರಾದರೂ ಬಂದೇ ಬರುತ್ತೀರಿ. ಸಿಕ್ಕಿದೆ. ಬೆಕೆನ್‌ಬಾವರ್‌ಗೆ ಎರಡು ಸಲ, ಸ್ಯಾಮರ್‌ಗೆ 1996ರಲ್ಲಿ, ಕನ್ನವಾರೊಗೆ 2006ರಲ್ಲಿ. ಗೋಲ್‌ಕೀಪರ್ ಪೈಕಿ ಯಾಶಿನ್ ಒಬ್ಬನೇ, ಅದೂ 1963ರಲ್ಲಿ. ಪ್ರಶಸ್ತಿ ಶುರುವಾಗಿದ್ದು 1956ರಲ್ಲಿ. ಸುಮಾರು 70 ವರ್ಷದಲ್ಲಿ ಐದೇ ಸಲ! ಅದರಲ್ಲೂ ಬೆಕೆನ್‌ಬಾವರ್, ಸ್ಯಾಮರ್ ಇಬ್ಬರೂ ಹಿಂದೆ ನಿಂತು ಚೆಂಡು ತಗೊಂಡು ಮುಂದಕ್ಕೆ ನುಗ್ಗೋರು. ಸುಮ್ನೆ ತಡೆಯೋದೇ ಕೆಲಸ ಅಂತ ಇದ್ದು ಗೆದ್ದವನು ಕನ್ನವಾರೊ ಒಬ್ಬನೇ ಅಂತ ನನ್ನ ಲೆಕ್ಕ. ಅವನಿಗೂ ವಿಶ್ವಕಪ್ ಎತ್ತಬೇಕಾಯಿತು.

ತೊಂದರೆ ಏನು ಅಂದರೆ, ಒಳ್ಳೆ ಡಿಫೆಂಡರ್ ಆಡಿದಾಗ ಏನೂ ಆಗಲ್ಲ. ಎದುರಾಳಿ ವಿಂಗರ್ ಅಂಚಿನಿಂದ ಓಡಿಬರ್ತಾನೆ, ಇವನು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ತಾನೆ, ಅವನಿಗೆ ಒಳಗೆ ದಾರಿ ಕಾಣಲ್ಲ, ಚೆಂಡನ್ನು ವಾಪಸ್ ಕೊಡ್ತಾನೆ. ಅಷ್ಟೇ. ಇದಕ್ಕೆ ರೀಲ್ ಮಾಡಿ ಡಬಡಬ ಮ್ಯೂಸಿಕ್ ಹಾಕೋಕಾಗುತ್ತಾ?

ಇನ್ನೊಂದು ಹೇಳಲೇಬೇಕು, ಹೇಳೋಕೆ ನಾಚಿಕೆ. 1994ರ ವಿಶ್ವಕಪ್ ಫೈನಲ್ ಮಧ್ಯರಾತ್ರಿ ಎದ್ದು ನೋಡಿದವನು ನಾನು. ಬರೇಸಿ ಮಂಡಿ ಆಪರೇಷನ್ ಮಾಡಿಸಿಕೊಂಡು ಇನ್ನೂ ತಿಂಗಳೂ ಆಗಿರಲಿಲ್ಲ. ಅವನೂ ಮಾಲ್ಡೀನಿಯೂ ಸೇರಿ ಬ್ರೆಜಿಲ್‌ನ ರೊಮಾರಿಯೊ, ಬೆಬೆಟೊ ಇಬ್ಬರನ್ನೂ 120 ನಿಮಿಷ ತಡೆದರು. ಬೆಳಗ್ಗೆ ನನ್ನ ತಲೆಯಲ್ಲಿ ಉಳಿದದ್ದು ಏನು? ಪೆನಾಲ್ಟಿ ಮೇಲಕ್ಕೆ ಹೊಡೆದು ತಲೆ ತಗ್ಗಿಸಿ ನಿಂತ ಇಟಲಿಯ ಬ್ಯಾಜಿಯೊ. ಅವನ ಜುಟ್ಟು. ಆ ವರ್ಷ ನಾನೂ ಜುಟ್ಟು ಬಿಟ್ಟೆ. ಮೂರು ತಿಂಗಳು ಸಹಿಸಿಕೊಂಡ ಅಪ್ಪ ಒಂದು ಭಾನುವಾರ ಕೈ ಹಿಡಿದು ಕಟಿಂಗ್ ಶಾಪಿಗೆ ಕರೆದುಕೊಂಡು ಹೋದರು. ಬರೇಸಿ ಥರ ಅಂಗಿ ಪ್ಯಾಂಟಿನೊಳಗೆ ಸಿಕ್ಕಿಸಿಕೊಳ್ಳಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಆ ರೀಲ್ ಮಾಡಿದ ಹುಡುಗನನ್ನು ಬೈಯೋಕೆ ನನಗೇನು ಹಕ್ಕಿದೆ?

ಇದೆ. ಬೈತೀನಿ. ಯಾಕಂದರೆ ಆಮೇಲೆ ಕಾಲೇಜಿನಲ್ಲಿ ‘ನೀನು ಓಡಲ್ಲ, ಹಿಂದೆ ನಿಂತ್ಕೋ’ ಅಂತ ನನ್ನನ್ನು ಬ್ಯಾಕ್ ಮಾಡಿದರು. ಎರಡು ವರ್ಷ ನಿಂತೆ. ಎಷ್ಟು ಚೆಂಡು ತಡೆದೆನೋ ದೇವರಿಗೇ ಗೊತ್ತು. ಒಂದು ಸೆಮಿಫೈನಲ್‌ನಲ್ಲಿ ನನ್ನ ಮೊಣಕಾಲಿಗೆ ತಾಗಿ ಚೆಂಡು ನಮ್ಮ ಗೋಲಿಗೇ ಹೋಯಿತು. ಇವತ್ತಿಗೂ ಹಳೇ ಗೆಳೆಯರು ಸಿಕ್ಕರೆ ಮೊದಲು ನೋಡೋದು ನನ್ನ ಮೊಣಕಾಲು. (ಟ್ಯಾಗ್ ಮಾಡಲ್ಲ, ನಿಮಗೇ ಗೊತ್ತು ನೀವು ಯಾರು ಅಂತ.)

ಇರಲಿ. ಹುಡುಗನನ್ನು ಬಿಡಲಿಲ್ಲ ನಾನು. ಪಕ್ಕ ಕೂರಿಸಿಕೊಂಡು ಮಾಲ್ಡೀನಿ ವಿಡಿಯೊ ಹಾಕಿದೆ. ನಿಲ್ಲೋದು, ಸರಿಯೋದು, ಚೆಂಡು ಕಿತ್ತುಕೊಳ್ಳೋದು. ಎರಡು ನಿಮಿಷಕ್ಕೆ ಆಕಳಿಸಿದ. ಬೇರೆ ದಾರಿ ಕಾಣಲಿಲ್ಲ, 2005ರ ಇಸ್ತಾನ್‌ಬುಲ್ ಫೈನಲ್ ಹಾಕಿದೆ. ಆಟ ಶುರುವಾಗಿ ಇನ್ನೂ ಒಂದು ನಿಮಿಷ ಆಗಿಲ್ಲ, ಪಿರ್ಲೊ ಫ್ರೀ ಕಿಕ್ ಹೊಡೆದ, ಮಾಲ್ಡೀನಿ ಬಲಗಾಲಲ್ಲಿ ಒದ್ದ, ಗೋಲು.

ಹುಡುಗ ಎದ್ದು ಕೂತ. ‘ಅಯ್ಯೋ ಮಾವ, ಗೋಲೂ ಹೊಡಿತಾರಾ ಇವ್ರು? ಮೊದಲೇ ಹೇಳಬಾರದಾ? ಸಖತ್ ಪ್ಲೇಯರ್!’

ನಾನು ಸುಮ್ಮನೆ ಕೂತೆ.

‘ಆ ಮ್ಯಾಚ್ ಗೆದ್ರಾ?’

ಅರ್ಧ ಆಟಕ್ಕೆ 3-0 ಮುಂದಿದ್ದರು. ಲಿವರ್‌ಪೂಲ್ ಆರು ನಿಮಿಷದಲ್ಲಿ ಮೂರೂ ವಾಪಸ್ ಹೊಡೆಯಿತು. ಕೊನೆಗೆ ಪೆನಾಲ್ಟಿಯಲ್ಲಿ ಸೋತರು.

‘ಓ...’ ಅಂದ. ‘ಹಾಗಾದ್ರೆ ಡಿಫೆನ್ಸ್ ಸರಿ ಇರ್ಲಿಲ್ಲ ಅಲ್ವಾ ಮಾವ?’